ಕಷ್ಟದ ಇಂಗ್ಲಿಷ್ ಪದ ಬಳಸುವ ಮುಂಚೆ ಅದರ ಪಕ್ಕದ ಸುಲಭ ಪದ ನೋಡಿ

'ಥಿನ್' ಅಂದರೆ ತೆಳ್ಳಗಿರುವ. 'ಸ್ಲಿಮ್' ಅಂದರೂ ತೆಳ್ಳಗಿರುವ. 'ಸ್ಕಿನ್ನಿ', 'ಗಾಂಟ್', 'ಇಮೇಸಿಯೇಟೆಡ್' ಎಲ್ಲದರ ಮುಂದೆಯೂ ಪದಪಟ್ಟಿಗಳಲ್ಲಿ ಹೆಚ್ಚುಕಡಿಮೆ ಅದೇ ಅರ್ಥ ಬರೆದಿರುತ್ತದೆ. ಅದನ್ನು ಬಾಯಿಪಾಠ ಮಾಡಿಕೊಂಡು, ಬಹಳ ದಿನದ ಮೇಲೆ ಸಿಕ್ಕ ಗೆಳತಿಗೆ 'ಯು ಲುಕ್ ಇಮೇಸಿಯೇಟೆಡ್' ಅಂದರೆ ಅವಳು ಗಾಬರಿ ಬೀಳುತ್ತಾಳೆ. ಕಾಯಿಲೆ ಬಂದೋ, ಊಟ ಇಲ್ಲದೆಯೋ ಮೂಳೆ ಚಕ್ಕಳವಾದವರಿಗೆ ಹೇಳುವ ಮಾತು ಅದು. 'ಸ್ಲಿಮ್' ಅಂದಿದ್ದರೆ ಖುಷಿಪಡುತ್ತಿದ್ದಳು. 'ಸ್ಕಿನ್ನಿ' ಅಂದಿದ್ದರೆ ಸ್ವಲ್ಪ ಮುಖ ಸಪ್ಪಗಾಗುತ್ತಿತ್ತು.

ಎಲ್ಲರಿಗೂ ಗೊತ್ತಿರುವ ಇಂಗ್ಲಿಷ್ ಪದ ಮತ್ತು ಅದರ ಪಕ್ಕದಲ್ಲೇ ಇರುವ, ಅಷ್ಟಾಗಿ ಗೊತ್ತಿಲ್ಲದ ಪದ, ಇವೆರಡರ ನಡುವಿನ ವ್ಯತ್ಯಾಸ ಹಿಡಿಯುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ, ಕನ್ನಡ ಮೀಡಿಯಂನಲ್ಲಿ ಓದಿ ಈಗ ಆಫೀಸಲ್ಲಿ ಇಂಗ್ಲಿಷ್ ಬರೆಯಬೇಕಾದವರಿಗೆ, ಅನುವಾದ ಮಾಡುವವರಿಗೆ ಇದು ಕೆಲಸಕ್ಕೆ ಬರುತ್ತದೆ. ಒಂದು ಮಾತು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ: ಅಪರೂಪದ ಪದ ಸಾಮಾನ್ಯ ಪದಕ್ಕಿಂತ ದೊಡ್ಡದಲ್ಲ, ಅದಕ್ಕಿಂತ ಕಿರಿದು. ಅದು ಕೆಲವೇ ಜಾಗದಲ್ಲಿ ಕೂರುತ್ತದೆ. ಆ ಜಾಗ ಗೊತ್ತಾದರೆ ಪದ ಗೊತ್ತಾದಂತೆ.

ಈ ಕೆಲಸ ನಮಗೆ ಹೊಸದೇನೂ ಅಲ್ಲ. ನೀರು ಮತ್ತು ಜಲ ಎರಡೂ ಒಂದೇ, ಆದರೆ 'ಕುಡಿಯೋಕೆ ಸ್ವಲ್ಪ ಜಲ ಕೊಡಿ' ಅಂತ ಯಾರೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ನೀರಿನ ಬಿಲ್ ಕಳಿಸುವುದು ಮಾತ್ರ ಜಲಮಂಡಳಿ. ಕಣ್ಣಿಗೆ ಧೂಳು ಬೀಳುತ್ತದೆ, ದಾನ ಮಾಡುವುದು ನೇತ್ರ. ಸಾವಿನ ಮನೆ, ಮರಣ ಪ್ರಮಾಣಪತ್ರ, ನಿಧನ ವಾರ್ತೆ, ಈ ಮೂರನ್ನು ಅದಲುಬದಲು ಮಾಡಿ ನೋಡಿ, ಕಿವಿಗೆ ಕಸಿವಿಸಿಯಾಗುತ್ತದೆ. ಯಾರೂ ನಮಗೆ ಇದನ್ನು ಪಾಠ ಮಾಡಲಿಲ್ಲ, ಕೇಳಿ ಕೇಳಿ ಬಂತು.

ಇಂಗ್ಲಿಷ್‌ನಲ್ಲೂ ಇದೇ ಕಥೆ. 1066ರಲ್ಲಿ ನಾರ್ಮಂಡಿಯಿಂದ ಬಂದ ವಿಲಿಯಮ್ ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ಅರಮನೆ, ಕೋರ್ಟು ಎಲ್ಲ ಫ್ರೆಂಚ್ ಮಾತಾಡಲು ಶುರುಮಾಡಿದವು. ಓದುಬರಹ, ಚರ್ಚಿನ ಕೆಲಸ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಹೊಲದಲ್ಲಿ ದುಡಿಯುವವರು ಮಾತ್ರ ತಮ್ಮ ಹಳೆಯ ಇಂಗ್ಲಿಷ್ ಬಿಡಲಿಲ್ಲ. ಹಾಗಾಗಿ ಒಂದೇ ವಿಷಯಕ್ಕೆ ಎರಡು ಮೂರು ಪದ ಉಳಿದುಕೊಂಡವು. 'ಆಸ್ಕ್' ಹಳೆಯ ಇಂಗ್ಲಿಷಿನದು, 'ಕ್ವೆಶ್ಚನ್' ಫ್ರೆಂಚಿನಿಂದ ಬಂದದ್ದು, 'ಇಂಟರಾಗೇಟ್' ಲ್ಯಾಟಿನ್ನಿನದು. ದಾರಿ ಕೇಳುವುದು 'ಆಸ್ಕ್'. ಲೆಕ್ಕ ಸರಿಯಿಲ್ಲ ಅನ್ನಿಸಿದಾಗ ಅನುಮಾನದಿಂದ ಪ್ರಶ್ನೆ ಮಾಡುವುದು 'ಕ್ವೆಶ್ಚನ್'. ಪೊಲೀಸರು ಸ್ಟೇಷನ್ನಿನಲ್ಲಿ ಕೂರಿಸಿಕೊಂಡು ಗಂಟೆಗಟ್ಟಲೆ ವಿಚಾರಿಸುವುದು 'ಇಂಟರಾಗೇಟ್'. 'ಕಿಂಗ್ಲಿ', 'ರಾಯಲ್', 'ರೀಗಲ್' ಕೂಡ ಇದೇ ಮೂರು ಮನೆಯಿಂದ ಬಂದವು. ರಾಜಮನೆತನ 'ರಾಯಲ್ ಫ್ಯಾಮಿಲಿ'ಯೇ, 'ರೀಗಲ್ ಫ್ಯಾಮಿಲಿ' ಅಲ್ಲ. ಆದರೆ ಅರಮನೆಗೆ ಸಂಬಂಧವೇ ಇಲ್ಲದ ಅಜ್ಜಿಯೊಬ್ಬರು ತಲೆಯೆತ್ತಿ ಗಂಭೀರವಾಗಿ ನಡೆದು ಬಂದರೆ ಅವರ ನಡಿಗೆಯನ್ನು 'ರೀಗಲ್' ಅನ್ನಬಹುದು.

ಹೊಸ ಪದ ಸಿಕ್ಕಾಗ ಮೊದಲು ಕೇಳಬೇಕಾದದ್ದು, ಇದು ಹೊಗಳುತ್ತದೋ, ತೆಗಳುತ್ತದೋ, ಸುಮ್ಮನೆ ಹೇಳುತ್ತದೋ ಅಂತ. ದುಡ್ಡನ್ನು ಹಿಡಿದು ಖರ್ಚು ಮಾಡುವವರನ್ನೇ ತಗೊಳ್ಳಿ. 'ಥ್ರಿಫ್ಟಿ', 'ಫ್ರೂಗಲ್' ಅಂದರೆ ಮೆಚ್ಚುಗೆ ಇದೆ, ಹಿತಮಿತವಾಗಿ ಬದುಕುವವರು ಅಂತ. 'ಸ್ಟಿಂಜಿ' ಅಂದರೆ ಜಿಪುಣ. 'ಪಾರ್ಸಿಮೋನಿಯಸ್' ಕೂಡ ಜಿಪುಣನೇ, ಆದರೆ ಪುಸ್ತಕದ ಪದ, ಎದುರಿಗೆ ನಿಂತು ಬೈಯಲು ಯಾರೂ ಬಳಸುವುದಿಲ್ಲ. ಹಾಗೆಯೇ 'ಚೈಲ್ಡ್‌ಲೈಕ್' ಅಂದರೆ ಮಗುವಿನ ಮುಗ್ಧತೆ, 'ಚೈಲ್ಡಿಶ್' ಅಂದರೆ ಹುಡುಗಾಟದ ಬುದ್ಧಿ, 'ಪ್ಯೂರೈಲ್' ಅಂದರೆ ಅದಕ್ಕಿಂತ ಕಟುವಾದ ಬೈಗುಳ. ಇನ್ನು 'ಇನ್‌ಫೇಮಸ್' ಅಂದರೆ ಹೆಸರು ಗೊತ್ತಿಲ್ಲದವರು ಅಂತ ತಿಳಿದವರು ಇದ್ದಾರೆ. ಅಲ್ಲ, ಕೆಟ್ಟದ್ದಕ್ಕೆ ಹೆಸರಾದವರು ಅಂತ ಅರ್ಥ. 'ನೊಟೋರಿಯಸ್' ಕೂಡ ಹಾಗೆಯೇ, ಹಾಗಾಗಿ ಸನ್ಮಾನ ಸಮಾರಂಭದ ಭಾಷಣದಲ್ಲಿ ಈ ಎರಡನ್ನೂ ದೂರ ಇಡಿ.

ಎರಡನೇ ಪ್ರಶ್ನೆ, ಈ ಪದ ಯಾವುದರ ಜೊತೆಗೆ ಬರುತ್ತದೆ? ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಮತ್ತು ಕನ್ನಡದವರಿಗೆ ಇದು ತೀರಾ ಸುಲಭ. ನಮ್ಮ ಅಡುಗೆಮನೆ ನೋಡಿ. ಅನ್ನ ಹಳಸುತ್ತದೆ. ಹಾಲು ಒಡೆಯುತ್ತದೆ. ಹಣ್ಣು ಕೊಳೆಯುತ್ತದೆ. ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತದೆ. ಹಳೆಯ ಕೊಬ್ಬರಿ, ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. 'ಕಮಟಾದ ಅನ್ನ' ಅಂದರೆ ಮನೆಯವರು ನಿಮ್ಮ ಮುಖ ನೋಡುತ್ತಾರೆ, ಅಲ್ವಾ? ಇಂಗ್ಲಿಷ್‌ನಲ್ಲಿ ಎಲ್ಲದಕ್ಕೂ 'ಬ್ಯಾಡ್' ಅಥವಾ 'ಸ್ಪಾಯಿಲ್ಡ್' ಅಂದರೆ ಕೆಲಸ ನಡೆಯುತ್ತದೆ. ಆದರೆ ಅದರ ಪಕ್ಕದ ಪದಗಳು ಒಂದೊಂದೂ ಒಂದೊಂದು ವಸ್ತುವಿಗೆ ಅಂಟಿಕೊಂಡಿವೆ. 'ರ‍್ಯಾನ್ಸಿಡ್' ಅನ್ನುವುದು ನಮ್ಮ ಕಮಟು, ಎಣ್ಣೆ, ಬೆಣ್ಣೆ, ಕಡಲೆಬೀಜದಂಥ ಜಿಡ್ಡಿನ ಪದಾರ್ಥಕ್ಕೆ ಮಾತ್ರ. ಜಿಡ್ಡು ಗಾಳಿಯ ಜೊತೆ ಸೇರಿ ಕೆಡುವುದರಿಂದ ಬರುವ ವಾಸನೆ ಅದು. 'ಕರ್ಡಲ್ಡ್' ಹಾಲಿಗೆ. 'ಮೋಲ್ಡಿ' ಬೂಷ್ಟು ಹಿಡಿದದ್ದಕ್ಕೆ. 'ಪ್ಯೂಟ್ರಿಡ್' ಕೊಳೆತು ನಾರುವ ಮಾಂಸಕ್ಕೆ. 'ಆ್ಯಡಲ್ಡ್' ಅನ್ನುವ ಹಳೆಯ ಪದ ಕೆಟ್ಟ ಮೊಟ್ಟೆಗೆ ಇತ್ತು, ಈಗ ತಲೆ ಕೆಟ್ಟು ಗೊಂದಲವಾದವರಿಗೂ ಹೇಳುತ್ತಾರೆ. 'ಸ್ಟೇಲ್' ಸ್ವಲ್ಪ ಬೇರೆ. ಅದು ತಾಜಾತನ ಹೋದದ್ದು, ಒಣಗಿದ ಬ್ರೆಡ್, ಮೆತ್ತಗಾದ ಚಿಪ್ಸ್. ತಿಂದರೆ ಹೊಟ್ಟೆ ಕೆಡಲೇಬೇಕು ಅಂತಿಲ್ಲ. ಹಾಗಾಗಿ ಹಳಸಿದ ಅನ್ನಕ್ಕೆ 'ಸ್ಟೇಲ್' ಅಂದರೆ ಪೂರ್ತಿ ವಿಷಯ ಹೇಳಿದಂತೆ ಆಗುವುದಿಲ್ಲ, ಅದು ತಂಗಳು ಪದಾರ್ಥದ ಕಡೆಗೆ ಹೆಚ್ಚು ವಾಲುತ್ತದೆ.

ವಾಸನೆಯ ಪದಗಳೂ ಹೀಗೆಯೇ. ಪರಿಮಳ, ಘಮ, ಕಂಪು, ನಾತ ಇವುಗಳಲ್ಲಿ ಯಾವುದು ಎಲ್ಲಿ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್‌ನಲ್ಲಿ 'ಸ್ಮೆಲ್' ಎಲ್ಲದಕ್ಕೂ ನಡೆಯುತ್ತದೆ, ಜೊತೆಗೆ ಏನೂ ಹೇಳದಿದ್ದರೆ ಕೆಟ್ಟ ವಾಸನೆಯ ಕಡೆಗೇ ಜಾರುತ್ತದೆ. ಹೂವಿಗೆ 'ಫ್ರೇಗ್ರೆನ್ಸ್', ಕಾಫಿಗೂ ಒಗ್ಗರಣೆಗೂ 'ಅರೋಮಾ', ಪೊಲೀಸ್ ನಾಯಿ ಮೂಸಿಕೊಂಡು ಹೋಗುವ ಜಾಡಿಗೆ 'ಸೆಂಟ್', ಲ್ಯಾಬ್ ರಿಪೋರ್ಟಿನಲ್ಲಿ 'ಓಡರ್', ಕಟ್ಟಿಕೊಂಡ ಮೋರಿಗೆ 'ಸ್ಟೆಂಚ್'. ಇವೆಲ್ಲದರ ಪಕ್ಕದಲ್ಲಿ ಒಂದು ಅಪರೂಪದ ಪದ ಇದೆ, 'ಪೆಟ್ರಿಕೋರ್'. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಒಣ ನೆಲದಿಂದ ಏಳುವ ಮಣ್ಣಿನ ವಾಸನೆಗೆ ಇಟ್ಟ ಹೆಸರು ಅದು. ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಅನ್ನುವ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 1964ರಲ್ಲಿ ಈ ಪದ ಕಟ್ಟಿದರು. ಗ್ರೀಕ್‌ನಲ್ಲಿ 'ಪೆಟ್ರಾ' ಅಂದರೆ ಕಲ್ಲು, 'ಐಕೋರ್' ಅಂದರೆ ಅಲ್ಲಿನ ಪುರಾಣದ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಕೇಳಲು ಚೆನ್ನಾಗಿದೆ ಅಂತ ಜುಲೈ ತಿಂಗಳ ಜಡಿಮಳೆಗೆಲ್ಲ ಇದನ್ನು ಬಳಸಬೇಡಿ. ನೆಲ ಒಣಗಿರಬೇಕು, ಆಮೇಲೆ ಮಳೆ ಬೀಳಬೇಕು, ಆಗ ಮಾತ್ರ ಅದು 'ಪೆಟ್ರಿಕೋರ್'.

ಒಂದು ಪದ ಯಾರ ಜೊತೆ ಬರುತ್ತದೆ ಅಂತ ತಿಳಿಯಲು ಸುಲಭ ದಾರಿ ಗೂಗಲ್. ಎರಡೂ ಪದಗಳನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿ. 'ರ‍್ಯಾನ್ಸಿಡ್ ಆಯಿಲ್' ಅಂತ ಹುಡುಕಿದರೆ ಅಡುಗೆಯ, ಆರೋಗ್ಯದ ಪುಟಗಳು ಸಾಲುಸಾಲಾಗಿ ಬರುತ್ತವೆ. ಅದೇ ಪದವನ್ನು ಅನ್ನದ ಜೊತೆ ಹಾಕಿ, ಎಷ್ಟು ಕಡಿಮೆ ಸಿಗುತ್ತದೆ ನೋಡಿ. ಸಿಕ್ಕ ವಾಕ್ಯಗಳಲ್ಲಿ ನಾಲ್ಕೈದನ್ನಾದರೂ ಪೂರ್ತಿ ಓದಬೇಕು, ಬರೀ ಸಂಖ್ಯೆ ನೋಡಿ ನಿಲ್ಲಬಾರದು.

ಈಗ ಮೋಸ ಮಾಡುವ ಪದಗಳಿಗೆ ಬರೋಣ. ನೋಡಲು ಪರಿಚಯದ ಪದದ ತಮ್ಮನ ಹಾಗೆ ಇರುತ್ತವೆ, ಅರ್ಥ ಮಾತ್ರ ಬೇರೆಯೇ. ಪರೀಕ್ಷೆಯಲ್ಲಿ ಪ್ರಶ್ನೆ ತೆಗೆಯುವವರಿಗೆ ಇವು ಬಹಳ ಇಷ್ಟ. 'ನಾಯ್ಸಮ್' ಪದಕ್ಕೂ ಗಲಾಟೆಯ 'ನಾಯ್ಸಿ'ಗೂ ಸಂಬಂಧ ಇಲ್ಲ. ಅದು 'ಅನಾಯ್' ಪದದ ಬಳಗ, ಅರ್ಥ ಅಸಹ್ಯ ನಾತ ಹೊಡೆಯುವ ಅಥವಾ ಕೆಡುಕು ಮಾಡುವ ಅಂತ. ಸದ್ದೇ ಇಲ್ಲದ ಮೋರಿಯೂ 'ನಾಯ್ಸಮ್' ಆಗಬಹುದು. 'ಎನರ್ವೇಟ್' ಕೇಳಿದರೆ 'ಎನರ್ಜಿ' ನೆನಪಾಗುತ್ತದೆ, ಅರ್ಥ ತದ್ವಿರುದ್ಧ. ಲ್ಯಾಟಿನ್‌ನಲ್ಲಿ 'ನೆರ್ವುಸ್' ಅಂದರೆ ಸ್ನಾಯು, ಅದನ್ನು ಕಿತ್ತುಹಾಕಿದ ಹಾಗೆ ಸುಸ್ತು ಮಾಡುವುದು 'ಎನರ್ವೇಟ್'. ಏಪ್ರಿಲ್‌ನಲ್ಲಿ ರಾಯಚೂರಿನ ಮಧ್ಯಾಹ್ನದ ಬಿಸಿಲು 'ಎನರ್ವೇಟಿಂಗ್'. 'ಫಾರ್ಚುಯಿಟಸ್' ಅಂದರೆ ಆಕಸ್ಮಿಕ ಅಂತ, ಅದೃಷ್ಟ ಇರಲೇಬೇಕು ಅಂತಿಲ್ಲ. 'ಅಫಿಷಿಯಸ್' ಅಂದರೆ ಅಧಿಕೃತ ಅಲ್ಲ, ಕೇಳದಿದ್ದರೂ ಮಧ್ಯೆ ಬಂದು ಅಧಿಕಾರ ಚಲಾಯಿಸುವವನು. 'ಮೆರಿಟ್ರಿಷಸ್'ನಲ್ಲಿ 'ಮೆರಿಟ್' ಕಾಣಿಸುತ್ತದೆ, ಆದರೆ ಅದು ಮೇಲೆ ಮಾತ್ರ ಥಳುಕು ಇರುವ, ಒಳಗೆ ಹುರುಳಿಲ್ಲದ ವಸ್ತುವಿಗೆ ಹೇಳುವ ಪದ. ವೇಶ್ಯೆಗೆ ಲ್ಯಾಟಿನ್‌ನಲ್ಲಿ ಇದ್ದ ಹೆಸರಿನಿಂದ ಬಂದದ್ದು, ಹಾಗಾಗಿ ಪ್ರತಿಭಾವಂತ ವಿದ್ಯಾರ್ಥಿಯ ಶಿಫಾರಸು ಪತ್ರದಲ್ಲಿ ಇದನ್ನು ಹಾಕಿದರೆ ಅನ್ಯಾಯವಾಗುತ್ತದೆ. ಅಲ್ಲಿ ಬೇಕಾದದ್ದು 'ಮೆರಿಟೋರಿಯಸ್'.

'ರೆಸ್ಟಿವ್' ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಅದರ ಕಥೆ ಚೆನ್ನಾಗಿದೆ. ನಿಲ್ಲುವುದು ಅನ್ನುವ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂತು. ಮೊದಲು ಹೇಳುತ್ತಿದ್ದದ್ದು ಮೊಂಡು ಕುದುರೆಗೆ, ಎಷ್ಟು ಚಾಟಿ ಬೀಸಿದರೂ ಹೆಜ್ಜೆ ಎತ್ತಿಡದ ಕುದುರೆಗೆ. ಅಲ್ಲಿಂದ, ಲಗಾಮು ಒಪ್ಪದೆ ಅತ್ತಿತ್ತ ಜಗ್ಗಾಡುವ ಕುದುರೆಗೆ ಬಂತು, ಆಮೇಲೆ ಮನುಷ್ಯರಿಗೆ. ಈಗ 'ರೆಸ್ಟ್‌ಲೆಸ್' ಅಂದರೆ ನೆಮ್ಮದಿ ಇಲ್ಲದೆ ಒಂದು ಕಡೆ ಕೂರಲಾಗದವರು, ಜ್ವರ ಬಂದ ಮಗುವೂ ಆಗಬಹುದು. 'ರೆಸ್ಟಿವ್' ಅಂದರೆ ಮೇಲೆ ಯಾರೋ ಹಿಡಿತ ಇಟ್ಟಿದ್ದಾರೆ, ಅದಕ್ಕೆ ತಾಳ್ಮೆ ಕಳೆದುಕೊಳ್ಳುತ್ತಿದ್ದಾರೆ. ಗಂಟೆಗಟ್ಟಲೆ ಕ್ಯೂನಲ್ಲಿ ನಿಲ್ಲಿಸಿದ ಜನ 'ರೆಸ್ಟಿವ್'. ಹಿಡಿತ ಇಲ್ಲದ ಕಡೆ ಈ ಪದಕ್ಕೆ ಕೆಲಸವಿಲ್ಲ.

ಕೆಲವು ಪದಗಳ ಅರ್ಥ ನಮ್ಮ ಕಣ್ಣೆದುರೇ ಬದಲಾಗುತ್ತಿದೆ. 'ನಾನ್‌ಪ್ಲಸ್ಡ್' ಅಂದರೆ ಏನು ಮಾಡಬೇಕೋ ತೋಚದೆ ನಿಂತವರು, ಆದರೆ ಅಮೆರಿಕದಲ್ಲಿ ಬಹಳ ಜನ ಅದನ್ನು ಏನೂ ಅಲುಗದೆ ಇದ್ದವರು ಅನ್ನುವ ಅರ್ಥದಲ್ಲಿ ಬಳಸುತ್ತಾರೆ. ಓದುವವರು ಯಾವ ಅರ್ಥ ಹಿಡಿಯುತ್ತಾರೋ ಗೊತ್ತಾಗದಿದ್ದರೆ ಆ ಪದವನ್ನೇ ಬಿಟ್ಟುಬಿಡಿ. ಪದ ಗೊತ್ತಿರಬೇಕು, ಬಳಸಲೇಬೇಕು ಅಂತಿಲ್ಲ.

ಮೂರನೆಯದಾಗಿ, ಆ ಸನ್ನಿವೇಶದಲ್ಲಿ ಎಷ್ಟು ಜನ ಇದ್ದಾರೆ, ಯಾರು ಯಾರಿಗೆ ಏನು ಮಾಡುತ್ತಿದ್ದಾರೆ ಅಂತ ಎಣಿಸಿ ನೋಡಿ. 'ಎನ್ವಿ' ಮತ್ತು 'ಜೆಲಸಿ' ಎರಡಕ್ಕೂ ಹೊಟ್ಟೆಕಿಚ್ಚು ಅಂತಲೇ ಬರೆದುಕೊಳ್ಳುತ್ತೇವೆ. ಪಕ್ಕದ ಮನೆಯವರು ಹೊಸ ಕಾರು ತಂದರು, ನಮಗೂ ಇರಬಾರದಿತ್ತಾ ಅನ್ನಿಸಿತು, ಅದು 'ಎನ್ವಿ'. ಇಲ್ಲಿ ಇಬ್ಬರೇ. ನನ್ನದಾಗಿರುವುದನ್ನು ಮೂರನೆಯವರು ಎಲ್ಲಿ ಕಿತ್ತುಕೊಳ್ಳುತ್ತಾರೋ ಅನ್ನುವ ಭಯ 'ಜೆಲಸಿ'. ಸವತಿ ಮತ್ಸರ ಅನ್ನುತ್ತೇವಲ್ಲ, ಅದೇ. ಮಾತಿನಲ್ಲಿ ಇಂಗ್ಲಿಷ್‌ನವರೂ 'ಎನ್ವಿ' ಅನ್ನಬೇಕಾದ ಕಡೆ 'ಜೆಲಸ್' ಅಂದುಬಿಡುತ್ತಾರೆ, ಅದು ತಪ್ಪು ಅಂತ ಹಠ ಹಿಡಿಯಬೇಕಿಲ್ಲ. ಬರೆಯುವಾಗ ಮಾತ್ರ ವ್ಯತ್ಯಾಸ ಉಳಿಸಿಕೊಂಡರೆ ಚೆನ್ನ. ಇವುಗಳ ಪಕ್ಕದಲ್ಲಿ 'ಬಿಗ್ರಜ್' ಇದೆ, ಅವರಿಗೆ ಸಿಕ್ಕಿತಲ್ಲ ಅಂತ ಕರುಬುವುದು. 'ಕವೆಟ್' ಇದೆ, ಇನ್ನೊಬ್ಬರದ್ದೇ ಬೇಕು ಅಂತ ಆಸೆಪಡುವುದು. ಬೈಬಲ್ಲಿನ ಹತ್ತು ಆಜ್ಞೆಗಳ ಇಂಗ್ಲಿಷ್ ರೂಪದಲ್ಲಿ ಬೇಡ ಅಂತ ಹೇಳಿರುವುದು ಈ 'ಕವೆಟ್' ಮಾಡುವುದನ್ನು.

ವಿಷದ ವಿಷಯದಲ್ಲೂ ಇದೇ ಲೆಕ್ಕ. ಆಗುಂಬೆಯ ಕಾಳಿಂಗ ಸರ್ಪ 'ವೆನಮಸ್', ಅದು ಕಚ್ಚಿ ವಿಷ ಸೇರಿಸುತ್ತದೆ. ಹಿತ್ತಲ ಕಣಗಿಲೆ 'ಪಾಯ್ಸನಸ್', ನಾವು ತಿಂದರೆ ವಿಷ. ಇಂಥ ಕಡೆ ಬಾಯಿಪಾಠ ಬೇಡ, ಯಾರು ಯಾರನ್ನು ಕಚ್ಚುತ್ತಾರೆ ಅಂತ ನೋಡಿದರೆ ಸಾಕು. 'ಇಂಪ್ಲೈ' ಮಾಡುವವರು ಹೇಳುವವರು, 'ಇನ್ಫರ್' ಮಾಡುವವರು ಕೇಳಿಸಿಕೊಂಡು ಊಹಿಸುವವರು. 'ಡಿಸ್‌ಇಂಟರೆಸ್ಟೆಡ್' ಅಂದರೆ ಸ್ವಂತ ಲಾಭ ಇಲ್ಲದವರು, 'ಅನ್‌ಇಂಟರೆಸ್ಟೆಡ್' ಅಂದರೆ ಆಸಕ್ತಿ ಇಲ್ಲದವರು. ನ್ಯಾಯಾಧೀಶರು ಮೊದಲನೆಯದು ಆಗಿರಲೇಬೇಕು, ಎರಡನೆಯದು ಆಗಲೇಬಾರದು.

ಸಂಬಂಧದ ಪದ ಬಂದಾಗಲಂತೂ ನಮಗೆ ಇಂಗ್ಲಿಷ್ ಬಡವಾಗಿ ಕಾಣುತ್ತದೆ. ಚಿಕ್ಕಪ್ಪ, ದೊಡ್ಡಪ್ಪ, ಮಾವ ಎಲ್ಲರೂ 'ಅಂಕಲ್'. ಆದರೆ ಆ ಪದದ ಬೇರು ಲ್ಯಾಟಿನ್ನಿನ 'ಅವುಂಕುಲುಸ್', ಅರ್ಥ ತಾಯಿಯ ಅಣ್ಣ ಅಥವಾ ತಮ್ಮ, ಅಂದರೆ ನಮ್ಮ ಸೋದರಮಾವನೇ. ತಂದೆಯ ಅಣ್ಣತಮ್ಮಂದಿರಿಗೆ ಲ್ಯಾಟಿನ್‌ನಲ್ಲಿ 'ಪತ್ರುಉಸ್' ಅಂತ ಬೇರೆ ಪದವೇ ಇತ್ತು, ಅದು ಇಂಗ್ಲಿಷಿಗೆ ಬರಲಿಲ್ಲ. 'ಅವುಂಕುಲುಸ್' ಬೇರಿನಿಂದಲೇ ಬಂದ ಅಪರೂಪದ ಪದ 'ಅವಂಕ್ಯುಲರ್'. ಇದನ್ನು ಮಾವನ ಜಮೀನಿಗೋ ಮನೆಗೋ ಬಳಸುವುದಿಲ್ಲ, ಹಿರಿಯರೊಬ್ಬರು ಪ್ರೀತಿಯಿಂದ, ಸ್ವಲ್ಪ ಬುದ್ಧಿ ಹೇಳುತ್ತಾ ನಡೆದುಕೊಳ್ಳುವ ರೀತಿಗೆ ಹೇಳುತ್ತಾರೆ. ಸೋದರಮಾವ ಮತ್ತು ಅಕ್ಕತಂಗಿಯರ ಮಕ್ಕಳ ನಡುವೆ ಇರುವ ವಿಶೇಷ ಸಂಬಂಧಕ್ಕೆ ಮಾನವಶಾಸ್ತ್ರದವರು 'ಅವಂಕ್ಯುಲೇಟ್' ಅನ್ನುತ್ತಾರೆ. ತುಳುನಾಡಿನ ಅಳಿಯಸಂತಾನ ಗೊತ್ತಿರುವವರಿಗೆ ಆ ಪದ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಇನ್ನು 'ನೆಪೊಟಿಸಮ್' ಹುಟ್ಟಿದ್ದು ಸೋದರಳಿಯ ಅನ್ನುವ ಇಟಾಲಿಯನ್ ಪದದಿಂದ, ಪೋಪ್‌ಗಳು ತಮ್ಮ ಅಳಿಯಂದಿರಿಗೆ ಹುದ್ದೆ ಕೊಡಿಸುತ್ತಿದ್ದರು ಅನ್ನುವ ಕಾರಣಕ್ಕೆ.

ನಮ್ಮ ಆಫೀಸು ಪತ್ರಗಳ ಇಂಗ್ಲಿಷ್ ಬಗ್ಗೆಯೂ ಒಂದು ಮಾತು. ಹೊರದೇಶದವರಿಗೆ ಬರೆಯುವವರು ಇದನ್ನು ಗಮನಿಸಿ. 'ಇನ್‌ಫಾರ್ಮ್' ಬದಲು 'ಇಂಟಿಮೇಟ್' ಅಂತ ಬರೆಯುವುದು ನಮ್ಮಲ್ಲಿ ಮಾಮೂಲಿ, ಲಂಡನ್ನಿನವರಿಗೆ ಅದು ಬಾಯಿಬಿಟ್ಟು ಹೇಳದೆ ಸುಳಿವು ಕೊಡುವುದು. 'ರಿಪ್ಲೈ' ಬದಲು 'ರಿವರ್ಟ್' ಅಂದರೆ ಅವರಿಗೆ ಮೊದಲಿನ ಸ್ಥಿತಿಗೆ ಮರಳುವುದು. ತೀರಿಕೊಂಡರು ಅನ್ನಲು ನಾವು 'ಎಕ್ಸ್‌ಪೈರ್ಡ್' ಅನ್ನುತ್ತೇವೆ, ಅವರಿಗೆ ಆ ಪದ ಕೇಳಿದರೆ ಪಾಸ್‌ಪೋರ್ಟಿನ ಅವಧಿ ಮುಗಿದದ್ದೇ ಮೊದಲು ನೆನಪಾಗುತ್ತದೆ. ದುಃಖದ ಸುದ್ದಿ ಹೇಳುವಾಗ 'ಡೈಡ್' ಅಥವಾ 'ಪಾಸ್ಡ್ ಅವೇ' ಅನ್ನುವುದೇ ಸರಿ. ಇಲ್ಲೆಲ್ಲ ಸುಲಭ ಪದವೇ ಗಟ್ಟಿ.

ಪುಸ್ತಕಗಳ ವಿಷಯ. ಪೀಟರ್ ಮಾರ್ಕ್ ರೋಜೆ ಅನ್ನುವ ವೈದ್ಯರು 1852ರಲ್ಲಿ ಮೊದಲ ಸಲ ಅಚ್ಚು ಹಾಕಿಸಿದ 'ಥಿಸಾರಸ್', ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಕೋಶ, ಒಳ್ಳೆಯ ಪುಸ್ತಕ, ಆದರೆ ಅದು ಗೊತ್ತಿರುವ ಪದ ನೆನಪಾಗದಿದ್ದಾಗ ನೋಡುವುದಕ್ಕೆ. ಗೊತ್ತಿಲ್ಲದ ಪದವನ್ನು ಅಲ್ಲಿಂದ ಎತ್ತಿ ವಾಕ್ಯಕ್ಕೆ ಹಾಕಬೇಡಿ. ಪದದ ಹುಟ್ಟು ನೋಡಲು ಆಕ್ಸ್‌ಫರ್ಡ್‌ನ ದೊಡ್ಡ ನಿಘಂಟು ಇದೆ, 1884ರಿಂದ 1928ರವರೆಗೆ ಬಿಡಿಬಿಡಿಯಾಗಿ ಹೊರಬಂದದ್ದು, ಒಂದೊಂದು ಅರ್ಥಕ್ಕೂ ಹಳೆಯ ಬರಹದ ಉದಾಹರಣೆ ಕೊಡುತ್ತದೆ. ದಿನದ ಬಳಕೆಗೆ ಅಷ್ಟು ಬೇಡ, ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ, ವಾಕ್ಯಗಳಿರುವ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಸಾಕು. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನೂ ತಿರುವಿ ಹಾಕಿ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ನಮ್ಮ ಪದದ ಕಡೆಯಿಂದ ಹೊರಟರೆ ವ್ಯತ್ಯಾಸ ಬೇಗ ಹೊಳೆಯುತ್ತದೆ.

ನೋಟ್‌ಬುಕ್ ಇಡುವವರು ಹೀಗೆ ಮಾಡಿ. ಸುಲಭ ಪದ, ಅಪರೂಪದ ಪದ ಎರಡನ್ನೂ ಒಟ್ಟಿಗೆ ಬರೆಯಿರಿ. ಕೆಳಗೆ ಎರಡು ವಾಕ್ಯ. ಒಂದರಲ್ಲಿ ಎರಡೂ ಪದ ನಡೆಯಬೇಕು, ಇನ್ನೊಂದರಲ್ಲಿ ಒಂದು ಮಾತ್ರ ನಡೆಯಬೇಕು. ಆ ಎರಡನೇ ವಾಕ್ಯ ಬರೆಯಲು ಬರದಿದ್ದರೆ ಪದ ಇನ್ನೂ ನಿಮ್ಮದಾಗಿಲ್ಲ, ಇನ್ನಷ್ಟು ಉದಾಹರಣೆ ಓದಿ. 'ಎಕನಾಮಿಕ್', 'ಎಕನಾಮಿಕಲ್' ಜೋಡಿಯಿಂದ ಶುರುಮಾಡಿ, ಒಂದು ದೇಶದ ನೀತಿಗೆ, ಇನ್ನೊಂದು ಕಡಿಮೆ ಪೆಟ್ರೋಲ್ ಕುಡಿಯುವ ಸ್ಕೂಟರಿಗೆ. ಆಮೇಲೆ 'ಕಂಟಿನ್ಯುಯಸ್', 'ಕಂಟಿನ್ಯುಯಲ್'. ನಿಲ್ಲದೆ ಹರಿಯುವ ಹೊಳೆ ಮೊದಲನೆಯದು, ದಿನಕ್ಕೆ ಹತ್ತು ಸಲ ಹೋಗಿ ಬರುವ ಕರೆಂಟು ಎರಡನೆಯದು. 'ಟಾರ್ಚುಯಸ್' ಚಾರ್ಮಾಡಿ ಘಾಟಿಯಂಥ ಸುತ್ತುಬಳಸಿನ ರಸ್ತೆಗೆ, 'ಟಾರ್ಚರಸ್' ತಡೆಯಲಾಗದ ಹಿಂಸೆಗೆ. ಇವೆಲ್ಲ ಕೈಗೆ ಬಂದ ಮೇಲೆ 'ಪರ್ಸ್ಪಿಕೇಶಸ್', 'ಪರ್ಸ್ಪಿಕ್ಯುಯಸ್' ಜೋಡಿ ಹಿಡಿಯಿರಿ. ಮೊದಲನೆಯದು ಸೂಕ್ಷ್ಮವಾಗಿ ನೋಡಬಲ್ಲ ಮನುಷ್ಯರಿಗೆ, ಎರಡನೆಯದು ಓದಿದ ಕೂಡಲೇ ತಿಳಿಯುವ ಬರಹಕ್ಕೆ.